ಗೌಜಲಹಕ್ಕಿ ತಾನೇ ಕಾವು ಕೂರುತ್ತದೆಯೇ? ಒಂದು ಸ್ಪಷ್ಟನೆ

‘ಜಪಾನಿ ಗೌಜಲಹಕ್ಕಿಯನ್ನು ನಾಟಿ ಕೋಳಿಯಂತೆ ಹಿತ್ತಲಲ್ಲಿ ಬಿಟ್ಟರಾಯಿತು, ತಾನೇ ಕಾವು ಕೂತು ಮರಿ ಮಾಡುತ್ತದೆ, ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಆಹಾರ) ಹಾಕಿದರೆ ಸಾಕು’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಮೂರೂ ತಪ್ಪು.

ಹೊರಗೆ ಬಿಟ್ಟರೆ ಹಾರಿಹೋಗುತ್ತವೆ. ಸಂಜೆ ಗೂಡಿಗೆ ಮರಳುವ ರೂಢಿ ಇವಕ್ಕಿಲ್ಲ. ಪಂಜರವೇ ಬೇಕು. ಎತ್ತರ ಒಂದಡಿಯೊಳಗಿರಲಿ. ಬೆಚ್ಚಿದಾಗ ನೆಟ್ಟಗೆ ಮೇಲಕ್ಕೆ ಚಿಮ್ಮುವ ಹಕ್ಕಿಯಿದು, ಎರಡು ಮೂರಡಿ ಎತ್ತರವಿದ್ದರೆ ಆ ವೇಗಕ್ಕೆ ತಲೆ ಒಡೆದುಕೊಳ್ಳುತ್ತದೆ.

ತಲೆಮಾರುಗಳಿಂದ ಮೊಟ್ಟೆಗಾಗಿಯೇ ಆರಿಸಿ ಬೆಳೆಸಿದ್ದರಿಂದ ಕಾವಿನ ಗುಣ ಬಹುತೇಕ ಅಳಿದಿದೆ. ಇನ್‌ಕ್ಯುಬೇಟರ್‌ನಲ್ಲಿ (ಕಾವು ಕೊಡುವ ಯಂತ್ರ) 37.5 ಡಿಗ್ರಿ ಸೆಲ್ಸಿಯಸ್ ಇಟ್ಟರೆ 17–18 ದಿನಕ್ಕೆ ಮರಿ. 14ನೇ ದಿನದ ನಂತರ ಮೊಟ್ಟೆ ತಿರುಗಿಸಬೇಡಿ.

ಮರಿ ಹೆಬ್ಬೆರಳಷ್ಟೇ. ಮೊದಲ ವಾರ ಬಲ್ಬಿನಡಿ ಸುಮಾರು 35 ಡಿಗ್ರಿ ಶಾಖ ಬೇಕು. ಗುಂಪುಗೂಡಿ ಒಂದರ ಮೇಲೊಂದು ಬಿದ್ದರೆ ಚಳಿ, ಬಾಯಿ ತೆರೆದು ದೂರ ಸರಿದರೆ ಸೆಕೆ. ನೀರಿನ ತಟ್ಟೆಗೆ ಗೋಲಿ ತುಂಬಿ, ಇಲ್ಲದಿದ್ದರೆ ಅರ್ಧ ಇಂಚು ನೀರಲ್ಲೂ ಮುಳುಗಿ ಸಾಯುತ್ತವೆ.

ಲೇಯರ್ ಮ್ಯಾಶ್‌ನಲ್ಲಿ ಪ್ರೋಟೀನ್ 16–18% ಮಾತ್ರ, ಮರಿಗೆ 24% ಆದರೂ ಬೇಕು. ಮ್ಯಾಶ್‌ನಲ್ಲಿನ ಹೆಚ್ಚಿನ ಕ್ಯಾಲ್ಸಿಯಂ ಎಳೆ ಮರಿಯ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಕ್ವೇಲ್ ಸ್ಟಾರ್ಟರ್ (ಗೌಜಲ ಮರಿಯ ಆಹಾರ) ಸಿಗದಿದ್ದರೆ ಬ್ರಾಯ್ಲರ್ ಪ್ರೀ-ಸ್ಟಾರ್ಟರನ್ನು (ಮಾಂಸದ ಕೋಳಿಯ ಎಳೆ ಮರಿಯ ಆಹಾರ) ನುಣ್ಣಗೆ ಪುಡಿಮಾಡಿ ಕೊಡಿ.