ಕಾಳು ಸಾರು ಅಂದ್ರೆ ಕಾಳು ಕಾಣ್ಬೇಕು

ಹೋದ ವರ್ಷ ನಮ್ಮ ಮನೆಯವರಿಗೆ ಶುಗರ್ ಇದೆ ಅಂತ ಗೊತ್ತಾದಾಗ ಕೈಗೊಂದು ಡಯಟ್ ಚಾರ್ಟ್ ಕೊಟ್ಟು ಕಳಿಸಿದ್ರು, ಅದರ ತುಂಬ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ನಾನೂ ಹೆದರಿಕೇಲಿ ಎಲ್ಲಾ ತಂದೆ. ಮೂರನೇ ದಿನಕ್ಕೆ ಓಟ್ಸ್ ಬಟ್ಟಲು ಹಾಗೇ ತಣ್ಣಗಾಗಿ ಕೂತಿತ್ತು, ಇವರು ಅನ್ನ ಸಾರು ಉಂಡು ಎದ್ದಿದ್ರು. ಸಾಕಾಗಿ ಅಮ್ಮಂಗೆ ಫೋನ್ ಮಾಡಿದೆ. ನಮ್ಮ ತವರು ಚಳ್ಳಕೆರೆ ಕಡೆ. ಅಮ್ಮ ಎಲ್ಲಾ ಕೇಳಿಸ್ಕೊಂಡು ಒಂದೇ ಮಾತು ಕೇಳಿದ್ಲು, "ಸಾರಿಗೆ ಎಷ್ಟು ಕಾಳು ಹಾಕ್ತೀಯ?" ಒಂದು ಹಿಡಿ ಅಂದೆ. "ನಾಲ್ಕು ಜನಕ್ಕೆ ಒಂದು ಹಿಡಿನಾ? ಕಾಳು ಸಾರು ಅಂದ್ರೆ ಕಾಳು ಕಾಣ್ಬೇಕು ಕಣೇ."

ಆ ಮಾತು ತಲೇಲೇ ಕೂತುಬಿಡ್ತು. ಮಾರನೇ ದಿನ ತಕ್ಕಡಿ ಇಟ್ಕೊಂಡು ನಮ್ಮನೆ ಊಟ ತೂಗಿದೆ. ಬೀನ್ಸ್ ಕಾಲು ಕೆಜಿ, ಅಂದ್ರೆ ತಲೆಗೆ ಅರವತ್ತು ಗ್ರಾಂ ಚಿಲ್ಲರೆ. ಬೇಳೆ ಇಡೀ ದಿನಕ್ಕೆ ನೂರು ಗ್ರಾಂ. ಅಕ್ಕಿ ಮಾತ್ರ ಮಧ್ಯಾಹ್ನ ರಾತ್ರಿ ಸೇರಿ ಒಂದೂಕಾಲು ಕೆಜಿ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಲೆಕ್ಕ ನೋಡಿದ್ರೆ ಒಬ್ಬ ಮನುಷ್ಯಂಗೆ ದಿನಕ್ಕೆ ತರಕಾರಿ ಸೊಪ್ಪು ಸೇರಿ 400 ಗ್ರಾಂ, ಕಾಳು ಬೇಳೆ 85 ಗ್ರಾಂ, ಧಾನ್ಯ ಎಲ್ಲಾ ಸೇರಿ 250 ಗ್ರಾಂ. ನಮ್ಮನೇಲಿ ತಟ್ಟೆ ಪೂರ್ತಿ ಉಲ್ಟಾ ಆಗಿತ್ತು. ನಿಮ್ಮನೇಲೂ ಒಂದು ದಿನ ತೂಗಿ ನೋಡಿ, ನಿಜವಾಗ್ಲೂ ಹೇಳ್ತಿದೀನಿ.

ಈಗ ಎಲ್ಲರೂ ಸಿರಿಧಾನ್ಯ ಸಿರಿಧಾನ್ಯ ಅಂತಾರೆ, 2023ನ್ನ ವಿಶ್ವಸಂಸ್ಥೆಯವರು ಸಿರಿಧಾನ್ಯದ ವರ್ಷ ಅಂತ ಮಾಡಿದ ಮೇಲಂತೂ ಜಾಸ್ತಿ. ನಂಗೆ ಖುಷಿನೇ, ನಮ್ಮ ದುರ್ಗದ ಕಡೆ ಸಾವೆ ನವಣೆ ನಾವು ಚಿಕ್ಕಂದಿನಿಂದ ಉಂಡು ಬೆಳೆದಿದ್ದು. ಆದ್ರೆ ಒಂದು ವಿಷಯ ಹೇಳ್ಬೇಕು, ಅಕ್ಕಿ ಬಿಟ್ಟು ನವಣೆ ಅನ್ನನ ಅದೇ ರಾಶಿ ಹಾಕ್ಕೊಂಡು ತಿಳಿಸಾರಲ್ಲಿ ಕಲಸಿ ಉಂಡ್ರೆ ಶುಗರ್ ಇಳಿಯಲ್ಲ. ರಾಗೀಲೂ ಹಿಟ್ಟಿನಂಶ ಬೇಕಾದಷ್ಟಿದೆ. ರಾಗಿ ದೊಡ್ಡಸ್ತಿಕೆ ಇರೋದು ನಾರಲ್ಲಿ, ಮತ್ತೆ ಕ್ಯಾಲ್ಸಿಯಂಲ್ಲಿ, ನೂರು ಗ್ರಾಂಗೆ ಮುನ್ನೂರು ಮಿಲಿಗ್ರಾಂ ಮೇಲೆ, ಅಕ್ಕೀಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಹಿಂದಿನವರು ಮುದ್ದೆ ಉಂಡು ಗಟ್ಟಿಯಾಗಿದ್ರು ಅಂದ್ರೆ ಮುದ್ದೆ ಜೊತೆ ಹುರುಳಿಕಾಳು, ಹೊಲದ ಬದುವಿನ ಬೆರಕೆ ಸೊಪ್ಪು ಇರ್ತಿತ್ತು, ಮೈ ಮುರಿಯೋ ಕೆಲಸಾನೂ ಇರ್ತಿತ್ತು. ನಾವು ಮುದ್ದೆ ಒಂದನ್ನೇ ನೆನಪಿಟ್ಕೊಂಡಿದೀವಿ.

ಈಗ ನಮ್ಮನೇಲಿ ವಾರಕ್ಕೆ ಮೂರು ದಿನ ಬಸ್ಸಾರು. ಇದಕ್ಕಿಂತ ಬುದ್ಧಿವಂತಿಕೆ ಅಡಿಗೆ ನಂಗೆ ಗೊತ್ತಿಲ್ಲ. ರಾತ್ರಿ ಅಲಸಂದೆ ಕಾಳೋ ಹೆಸರುಕಾಳೋ ಎರಡು ಲೋಟ ನೆನೆಸಿಡ್ತೀನಿ, ಬೆಳಿಗ್ಗೆ ಬೇಯಕ್ಕಿಟ್ಟು ಮುಕ್ಕಾಲು ಬೆಂದ ಮೇಲೆ ದಂಟು, ಕಿರಕಸಾಲೆ, ನುಗ್ಗೆ ಸೊಪ್ಪು, ಏನು ಸಿಗತ್ತೋ ಅದು, ದೊಡ್ಡ ಪಾತ್ರೆ ತುಂಬ ಹೆಚ್ಚಿ ಹಾಕೋದು, ಹಾಕಿದಾಗ ಗುಡ್ಡದಂಗಿರತ್ತೆ, ಐದು ನಿಮಿಷಕ್ಕೆ ತಳ ಸೇರಿಬಿಡತ್ತೆ. ಆಮೇಲೆ ಬಸಿಯೋದು. ಬಸಿದ ಕಟ್ಟನ್ನ ಒಂದು ತೊಟ್ಟೂ ಚೆಲ್ಲಬಾರದು, ನೀರಲ್ಲಿ ಕರಗೋ ಬಿ ವಿಟಮಿನ್ನು ಅದರಲ್ಲೇ ಇಳಿದಿರತ್ತೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಸ್ವಲ್ಪ ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಸೊಪ್ಪೇ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದ್ರೆ ಬೀದಿಗೆಲ್ಲಾ ಘಮ. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ರೆ ಪಲ್ಯ. ಆ ಪಲ್ಯ ಸೈಡಿಗೆ ನೆಂಚ್ಕೊಳಕ್ಕಲ್ಲ, ತಟ್ಟೇಲಿ ಅರ್ಧ ಜಾಗ ಅದಕ್ಕೇನೇ, ಮೊದಲು ಅದನ್ನ ಬಡಿಸಿ ಆಮೇಲೆ ಸಣ್ಣ ಮುದ್ದೆ. ಮೇಲೊಂದು ನಿಂಬೆಹೋಳು ಹಿಂಡಿದ್ರೆ ಸೊಪ್ಪಿನ ಕಬ್ಬಿಣದಂಶ ಮೈಗೆ ಹತ್ತತ್ತೆ, ಉಂಡ ತಕ್ಷಣ ಟೀ ಕುಡಿದ್ರೆ ಅದೇ ಕಮ್ಮಿ ಆಗತ್ತೆ.

ಇದೆಲ್ಲಾ ಹೇಳೋದು ಸುಲಭ, ಸೊಪ್ಪು ಸೋಸೋರು ಯಾರು? ಎರಡು ಕಟ್ಟು ಸೊಪ್ಪು ಸೋಸಿ, ಮೂರು ಸಲ ಮಣ್ಣು ಹೋಗೋ ಹಂಗೆ ತೊಳೆಯಕ್ಕೆ ಅರ್ಧ ಗಂಟೆ ಬೇಕು. ಮನೇಲಿ ಪೌಷ್ಟಿಕ ಅಡಿಗೆ ಮಾಡ್ರಿ ಅಂತ ಭಾಷಣ ಮಾಡೋರೆಲ್ಲಾ ಆ ಅರ್ಧ ಗಂಟೆ ಮನೆ ಹೆಂಗಸರ ತಲೆ ಮೇಲೆ ಹಾಕಿ ಎದ್ದು ಹೋಗ್ತಾರೆ, ಅದು ನಂಗೆ ಬಹಳ ಸಿಟ್ಟು ಬರೋ ವಿಷಯ. ನಾನೂ ಒಂಬತ್ತಕ್ಕೆ ಕೆಲಸಕ್ಕೆ ಹೊರಡೋಳು. ಅದಕ್ಕೆ ಮನೇಲಿ ಕಡ್ಡಿ ಮುರಿದಂಗೆ ಹೇಳಿಬಿಟ್ಟೆ, ಸೋಸೋದು ನಿಮ್ಮ ಕೆಲಸ, ಬೇಯಿಸೋದು ನಂದು ಅಂತ. ಈಗ ರಾತ್ರಿ ಊಟ ಆದ್ಮೇಲೆ ಅಪ್ಪ ಮಗ ಪೇಪರ್ ಹಾಸ್ಕೊಂಡು ಟಿವಿ ಮುಂದೆ ಕೂತು ಸೋಸ್ತಾರೆ. ಮೊದಲ ವಾರ ಮಗ ಎಲೆ ಬಿಸಾಕಿ ಕಡ್ಡಿ ಇಟ್ಟಿದ್ದ, ಈಗ ಎಳೇ ದಂಟು ಯಾವುದು, ಬಲಿತಿದ್ದು ಯಾವುದು ಅಂತ ಮುರಿದು ನೋಡೇ ಹೇಳ್ತಾನೆ.

ಬೆಣ್ಣೆ ದೋಸೆ ಬಿಟ್ರಾ ಅಂತ ಕೇಳ್ಬೇಡಿ, ದಾವಣಗೆರೇಲಿದ್ದು ಅದನ್ನ ಹೆಂಗೆ ಬಿಡೋದು, ತಿಂಗಳಿಗೊಂದು ಸಲ ಹೋಗ್ತೀವಿ. ಮಾತ್ರೆನೂ ಡಾಕ್ಟರ್ ಹೇಳಿದಂಗೇ ನಡೀತಿದೆ, ಊಟ ಬದಲಾಯ್ತು ಅಂತ ಅದನ್ನ ಬಿಡಿಸಿಲ್ಲ.

ಮೊನ್ನೆ ಮತ್ತೆ ತಕ್ಕಡಿ ತೆಗೆದೆ. ಸೊಪ್ಪು ತರಕಾರಿ ತಲೆಗೆ ಇನ್ನೂರೈವತ್ತು ಗ್ರಾಂ ದಾಟಿದೆ, ಅಕ್ಕಿ ಅರ್ಧಕ್ಕೆ ಇಳಿದಿದೆ. ನಾನೂರು ಇನ್ನೂ ಆಗಿಲ್ಲ. ಇವತ್ತು ಹುರುಳಿಕಾಳು ನೆನೆಸಿದೀನಿ, ಎರಡು ಲೋಟ.