ಲೇತ್ ಮುಟ್ಟೋಕೂ ಬಿಡಲಿಲ್ಲ

ಲೇತ್, ಅಂದ್ರೆ ಲೋಹ ತಿರುಗಿಸಿ ಕತ್ತರಿಸೋ ಮಷೀನ್ ಮೇಲಿನ ಕೆಲಸಕ್ಕೆ ಅಂತ ಇಂಟರ್‌ವ್ಯೂಗೆ ಹೋದ್ರೆ, ರಿಸೆಪ್ಷನ್ ಖಾಲಿ ಇದೆಯಂತೆ. ಇಂಗ್ಲಿಷ್ ಸ್ವಲ್ಪ ಸರಿ ಮಾಡ್ಕೊಂಡು ಬರಬೇಕಂತೆ. ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದು ಫೋನ್ ಎತ್ತೋಕಾ? ಬಸ್ಸಲ್ಲಿ ಕೂತು ಟೈಪ್ ಮಾಡ್ತಿದ್ದೀನಿ, ಕೈ ಇನ್ನೂ ನಡುಗ್ತಿದೆ.

ಪೀಣ್ಯದ ಆ ಶೆಡ್‌ನಲ್ಲಿ ಹುಡುಗರನ್ನ ಒಬ್ಬೊಬ್ಬರನ್ನಾಗಿ ಲೇತ್ ಹತ್ರ ಕರೆದ್ರು. ಒಂದು ಎಂಎಸ್ (ಮೈಲ್ಡ್ ಸ್ಟೀಲ್) ರಾಡ್, ಎರಡೂ ಕಡೆ ಫೇಸಿಂಗ್ ಅಂದ್ರೆ ತುದಿ ಸಮ ಮಾಡೋದು, ಒಂದು ಸ್ಟೆಪ್ ಟರ್ನಿಂಗ್ ಅಂದ್ರೆ ಸ್ವಲ್ಪ ಉದ್ದಕ್ಕೆ ದಪ್ಪ ಇಳಿಸೋದು. ಅಷ್ಟೇ ಟೆಸ್ಟು. ನನ್ನ ಹೆಸರು ಬಂದಾಗ ಸೂಪರ್‌ವೈಸರ್ ಪಟ್ಟಿ ನೋಡಿ, ನನ್ನ ಮುಖ ನೋಡಿ, "ನೀವು ಅಲ್ಲೇ ಕೂತ್ಕೊಳ್ಳಮ್ಮ" ಅಂತ ಕುರ್ಚಿ ತೋರಿಸಿದ್ರು. ಏಪ್ರನ್ ಹಾಕಿ, ಸೇಫ್ಟಿ ಶೂ ಹಾಕಿ, ಕೂದಲು ಬಿಗಿಯಾಗಿ ಕಟ್ಕೊಂಡು ರೆಡಿಯಾಗಿ ಹೋಗಿದ್ದೆ. ಕೂತೆ. ಇನ್ನೇನು ಮಾಡ್ಲಿ?

ನನ್ನ ಕಣ್ಣೆದುರೇ ಒಬ್ಬ ಫೇಸಿಂಗ್ ಮಾಡಿದ. ರಾಡ್ ತುದಿಯ ಮಧ್ಯದಲ್ಲಿ ಸಣ್ಣ ಉಬ್ಬು ಹಾಗೇ ಉಳೀತು. ಕತ್ತರಿಸೋ ಟೂಲನ್ನ ರಾಡಿನ ಸೆಂಟರ್ ಎತ್ತರಕ್ಕೇ ಕೂರಿಸಿರಲಿಲ್ಲ. ರಾಡ್ ತಿರುಗಿಸಿ, ಅದನ್ನ ಹಿಡಿಯೋ ಚಕ್ ಬಿಗಿ ಮಾಡಿದವನು, ಬಿಗಿ ಮಾಡೋ ಚಕ್ ಕೀ ಅದರಲ್ಲೇ ಬಿಟ್ಟು ಮಷೀನ್ ಆನ್ ಮಾಡೋಕೆ ಕೈ ಹಾಕಿದ! ವರ್ಕ್‌ಶಾಪಲ್ಲಿ ಮೊದಲ ದಿನ ಹೇಳ್ಕೊಡೋ ಪಾಠ ಅದು, ಕೀ ಹಾರಿದ್ರೆ ತಲೆ ಒಡೆಯುತ್ತೆ. "ಕೀ ತೆಗಿ!" ಅಂತ ಕಿರುಚಿದೆ. ಶೆಡ್ಡಿಗೆ ಶೆಡ್ಡೇ ತಿರುಗಿ ನೋಡ್ತು. ಸೂಪರ್‌ವೈಸರ್ ನಕ್ಕು, "ಮೇಡಂ ಹೆದರಿದ್ರು, ಆಫೀಸಲ್ಲಿ ಕೂರ್ಸಿ ನೀರು ಕೊಡ್ರಪ್ಪ" ಅಂದ್ರು. ಎಲ್ಲರೂ ನಕ್ಕರು. ನಾನು ಯಾರ ತಲೆ ಉಳಿಸಿದ್ನೋ ಅವನೂ ನಕ್ಕ. ಅವನಿಗೆ ಸೋಮವಾರದಿಂದ ಕೆಲಸ.

ಆಫೀಸಲ್ಲಿ ಅಳತೆ ನೋಡೋ ಮೈಕ್ರೋಮೀಟರ್ ಬಗ್ಗೆ ಒಂದು ಮಾತಿಲ್ಲ, ಡ್ರಾಯಿಂಗ್ ಓದೋಕೆ ಬರುತ್ತಾ ಅಂತ ಕೇಳಲಿಲ್ಲ. ಮದುವೆ ಯಾವಾಗ ಅಂತ ಕೇಳಿದ್ರು. "ನೈಟ್ ಶಿಫ್ಟ್‌ಗೆ ಹೆಣ್ಣುಮಕ್ಕಳನ್ನ ಹಾಕೋ ಹಾಗಿಲ್ಲಮ್ಮ, ಸರ್ಕಾರದ ರೂಲ್ಸ್" ಅಂದ್ರು. ಸುಳ್ಳು. ಒಪ್ಪಿಗೆ ಬರೆಸ್ಕೊಂಡು, ವಾಹನ, ಭದ್ರತೆ ಕೊಟ್ಟು ರಾತ್ರಿ ಪಾಳಿಗೆ ತಗೋಬಹುದು ಅಂತ ಇದೇ ಕರ್ನಾಟಕ ಸರ್ಕಾರ 2019ರ ನವೆಂಬರ್‌ನಲ್ಲೇ ಆದೇಶ ಮಾಡಿದೆ. ನೇಮಕದಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನೋ ಕಾನೂನು 1976ರಲ್ಲೇ ಬಂತು, ನಾನು ಹುಟ್ಟೋಕೂ ಮುಂಚೆ. ವಾಹನದ ಖರ್ಚು ಬೇಡ ಅಂತ ನೇರ ಹೇಳಿ, ಸರ್ಕಾರದ ಹೆಸರು ಯಾಕೆ?

ಬಿಡಿ, ಅವರನ್ನ ಅಂದು ಏನು ಬಂತು. ಗಾರ್ಮೆಂಟ್ಸ್‌ಗೆ ಹೋಗು ಅಂತ ಅಪ್ಪ ಆಗಲೇ ಹೇಳಿದ್ರು. ಹೋಗಿದ್ರೆ ಇಷ್ಟೊತ್ತಿಗೆ ಕೈಯಲ್ಲಿ ಸಂಬಳ ಇರ್ತಿತ್ತು. ಇನ್ನು ಯಾವ ಇಂಟರ್‌ವ್ಯೂಗೂ ಹೋಗಲ್ಲ, ಸಾಕು.

ಅಲ್ಲ, ನಾನ್ಯಾಕೆ ಸುಮ್ನಾಗ್ಬೇಕು? ಹೊಲಿಗೆ ಮಷೀನ್ ಮುಂದೆ ಕೂರಿಸೋಕೆ ಹೆಣ್ಣುಮಕ್ಕಳೇ ಬೇಕು, ಲೇತ್ ಅಂದ ಕೂಡಲೇ ನಾವು ಆಗಲ್ವಾ? ಯುವನಿಧಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ 1500 ರೂಪಾಯಿ ಅಂತಿದೆ, ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ. ಅವೆರಡೂ ಇರೋದಕ್ಕೇ ಮನೆಯಲ್ಲಿ ಕೈಚಾಚದೆ ಓಡಾಡ್ತಿದ್ದೀನಿ, ಇಲ್ಲ ಅನ್ನಲ್ಲ. ಆದ್ರೆ ಫ್ಯಾಕ್ಟರಿ ಗೇಟಿನ ಒಳಗೆ ಇವರು ಏನು ಮಾಡ್ತಾರೆ ಅಂತ ನೋಡೋರು ಯಾರು? ಕಾರ್ಮಿಕ ಇಲಾಖೆಯವರಾ? ಹೆಣ್ಣುಮಕ್ಕಳು ಟೆಕ್ನಿಕಲ್ ಓದಬೇಕು ಅಂತ ಸ್ಟೇಜ್ ಮೇಲೆ ಭಾಷಣ ಮಾಡಿದ್ರಲ್ಲ, ಅವರಾ? ಯಾರಾದ್ರೂ ಒಬ್ಬರು ಉತ್ತರ ಕೊಡಿ.

ಪೀಣ್ಯ, ದಾಬಸ್‌ಪೇಟೆ, ವಸಂತನರಸಾಪುರ, ಎಲ್ಲಾದ್ರೂ ಸರಿ, ಹೆಣ್ಣುಮಕ್ಕಳನ್ನ ಮಷೀನ್ ಮೇಲೆ ನಿಲ್ಲಿಸೋ ಕಂಪನಿ ಗೊತ್ತಿದ್ರೆ ಹೇಳಿ. ಪ್ಯಾಕಿಂಗ್ ಬೇಡ, ರಿಸೆಪ್ಷನ್ ಬೇಡ. ನೈಟ್ ಶಿಫ್ಟ್ ಆದ್ರೂ ಬರ್ತೀನಿ.