ಹೋದವನಿಗೆ ಡಿಫೆನ್ಸ್ ಬರ್ತಿರಲಿಲ್ಲ

2025ರ ಮೇ 5ರ ಬೆಳಗ್ಗೆವರೆಗೂ ಇಂಗ್ಲೆಂಡ್‌ನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್‌ನ ಡಿಫೆಂಡರ್ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್‌ಗೆ ಡಿಫೆನ್ಸ್ ತಕ್ಕಮಟ್ಟಿಗೆ ಬರುತ್ತಿತ್ತು. ಅವತ್ತು ಆತ ಲಿವರ್‌ಪೂಲ್ ಬಿಡ್ತೀನಿ ಅಂದ. ಮಧ್ಯಾಹ್ನದ ಹೊತ್ತಿಗೆ ಡಿಫೆನ್ಸ್ ಬರುತ್ತಿರಲಿಲ್ಲ. ಸಂಜೆ ಹೊತ್ತಿಗೆ ಯಾವತ್ತೂ ಬಂದೇ ಇರಲಿಲ್ಲ.

ಇದು ವೈದ್ಯರು ನೋಡಬೇಕಾದ ಕೇಸು. ಆರನೇ ವಯಸ್ಸಿಗೆ ಕ್ಲಬ್‌ನ ಅಕಾಡೆಮಿ ಸೇರಿದ ಹುಡುಗ, ಅದೇ ಊರಲ್ಲಿ ಹುಟ್ಟಿದವನು, 354 ಪಂದ್ಯ ಆಡಿದ. ಎರಡು ಸಲ ಪ್ರೀಮಿಯರ್ ಲೀಗ್ ಗೆದ್ದ, ಒಂದು ಸಲ ಚಾಂಪಿಯನ್ಸ್ ಲೀಗ್ ಗೆದ್ದ. ಅಷ್ಟೂ ಪಂದ್ಯಗಳಲ್ಲಿ ರೈಟ್ ಬ್ಯಾಕ್ ಜಾಗದಲ್ಲಿ, ಅಂದರೆ ಆತ ಕಾಯುವ ಬಲಬದಿಯಲ್ಲಿ, ಯಾರೂ ಇರಲಿಲ್ಲ ಅನ್ನೋದು ಗೊತ್ತಾಗಿದ್ದು ಆತ ಹೋದ ಮೇಲೆ. ಹತ್ತು ಜನ ಆಡಿ ಇಷ್ಟೆಲ್ಲಾ ಗೆದ್ದ ಕ್ಲಬ್ ಬೇರೆ ಯಾವುದಿದೆ ಹೇಳಿ?

ಕಷ್ಟ ಇರೋದು ಆ ಒಂದು ಕಾರ್ನರ್‌ನಲ್ಲಿ. 2019ರ ಮೇ 7. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ, ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ ಬಾರ್ಸಿಲೋನಾ. ಮೊದಲ ಪಂದ್ಯದಲ್ಲಿ 3-0 ಸೋತು ಬಂದ ಲಿವರ್‌ಪೂಲ್ ಅವತ್ತು ಅಷ್ಟೂ ಗೋಲು ತೀರಿಸಿ ಕೂತಿತ್ತು. 79ನೇ ನಿಮಿಷ. ಇಪ್ಪತ್ತು ವರ್ಷದ ಹುಡುಗ ಚೆಂಡು ಇಟ್ಟು, ಬೇರೆಯವರು ಹೊಡೀಲಿ ಅನ್ನೋ ಹಾಗೆ ನಾಲ್ಕು ಹೆಜ್ಜೆ ದೂರ ನಡೆದ. ಥಟ್ಟನೆ ತಿರುಗಿ ಬಂದು ಒದ್ದ. ಬಾರ್ಸಿಲೋನಾದವರು ಇನ್ನೂ ಯಾರನ್ನು ಯಾರು ಹಿಡೀಬೇಕು ಅಂತ ಮಾತಾಡಿಕೊಳ್ಳುತ್ತಿದ್ದರು. ಲಿವರ್‌ಪೂಲ್‌ನ ಒರಿಗಿ ಗೋಲ್ ಹೊಡೆದು ಆಗಿತ್ತು.

ಆರು ವರ್ಷ ಈ ಕಾರ್ನರ್ ಬಗ್ಗೆ ಹೇಳದವರಿಲ್ಲ. ಈಗ ಅದಕ್ಕೂ ಹೊಸ ಭಾಷ್ಯ ಬಂದಿದೆ. ಕಾರ್ನರ್ ಹೊಡೆಯೋದು ಏನು ಮಹಾ? ಅವರು ನಿದ್ದೆ ಹೊಡೀತಿದ್ರು. ಗೋಲ್ ಹೊಡೆದಿದ್ದು ಒರಿಗಿ ಅಲ್ವಾ? ನಿಜವಾದ ಬುದ್ಧಿವಂತ ಚೆಂಡನ್ನು ಬೇಗ ಕೊಟ್ಟ ಬಾಲ್ ಬಾಯ್. ಹೀಗೇ ಹೋದರೆ ಇನ್ನೆರಡು ವರ್ಷಕ್ಕೆ ಆ ಗೋಲಿನ ಪೂರ್ತಿ ಶ್ರೇಯ ಕಾರ್ನರ್ ಬಾವುಟಕ್ಕೆ ಸಲ್ಲುತ್ತದೆ. ಅದೂ ಕ್ಲಬ್ ಬಿಟ್ಟು ಹೋಗಿಲ್ಲ, ಪಾಪ.

ಸುದ್ದಿ ಹೊರಬಿದ್ದ ಆರು ದಿನಕ್ಕೆ, ಮೇ 11ರಂದು, ಆರ್ಸೆನಲ್ ವಿರುದ್ಧ ಆತ ಬದಲಿ ಆಟಗಾರನಾಗಿ ಇಳಿದ. ಸ್ವಂತ ಜನವೇ ಬೊಬ್ಬೆ ಹಾಕಿತು. ಆತ ಚೆಂಡು ಮುಟ್ಟಿದಾಗಲೆಲ್ಲ ಬೊಬ್ಬೆ. ಅಂದರೆ ತಮ್ಮದೇ ತಂಡ ಚೆಂಡು ಇಟ್ಟುಕೊಂಡಿರೋದಕ್ಕೆ ಇವರದೇ ವಿರೋಧ! ಆರ್ಸೆನಲ್ ಅಭಿಮಾನಿಗಳಿಗೆ ಅವತ್ತು ಗಂಟಲಿಗೆ ರಜೆ. ಮುಂಚಿನ ಕೋಚ್ ಕ್ಲಾಪ್ ಕೂಡ ಇದಕ್ಕೆ ಬೇಸರ ಪಟ್ಟುಕೊಂಡರು. ಎರಡೇ ವಾರ ಕಳೆದು, ಮೇ 25ರಂದು, ಅದೇ ಮೈದಾನ, ಅದೇ ಹುಡುಗ. ಈ ಸಲ ಚಪ್ಪಾಳೆ. ನಡುವೆ ಆತ ಮನಸ್ಸು ಬದಲಿಸಿದನಾ? ಇಲ್ಲ. ಅವತ್ತು ಟ್ರೋಫಿ ಕೊಡುವ ದಿನ. ಬೊಬ್ಬೆ ಹಾಕುವ ಬಾಯಿ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ.

ದ್ರೋಹ ಏನು ಅಂತ ಕೇಳಿ ನೋಡಿ. 'ಪುಕ್ಕಟೆ ಹೋದ' ಅಂತಾರೆ. ಒಪ್ಪಂದ ಮುಗಿಯುವವರೆಗೂ ಆಡಿ, ಮುಗಿದ ಮೇಲೆ ಹೊರಟಿದ್ದು ತಪ್ಪು. ಅದಕ್ಕಿಂತ ಮುಂಚೆ ಹೊರಟಿದ್ದರೆ? ಅದು ಇನ್ನೂ ದೊಡ್ಡ ತಪ್ಪು. ಕೊನೆಗೆ ಕ್ಲಬ್ ವಿಶ್ವಕಪ್‌ಗೆ ಬೇಕು ಅಂತ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಸುಮಾರು 1 ಕೋಟಿ ಯೂರೊ ಕೊಟ್ಟು ಒಂದು ತಿಂಗಳು ಮೊದಲೇ ಕರೆದುಕೊಂಡು ಹೋಯಿತು. ಈಗ 'ಅಷ್ಟೇನಾ?' ಅಂತ ಸಂಕಟ. ಟಿಕೆಟ್‌ಗೆ ಸಾಲ ಮಾಡುವ ಮನುಷ್ಯ ಕ್ಲಬ್‌ನ ಲೆಕ್ಕಪುಸ್ತಕ ನೋಡಿ ಕಣ್ಣೀರು ಹಾಕುವ ದೃಶ್ಯ ಫುಟ್‌ಬಾಲ್ ಬಿಟ್ಟರೆ ಬೇರೆಲ್ಲೂ ಸಿಗೋದಿಲ್ಲ.

ಅದೇ ಬೇಸಿಗೆಯಲ್ಲಿ ನ್ಯೂಕಾಸಲ್ ಕ್ಲಬ್‌ನ ಆಟಗಾರ ಇಸಾಕ್ ಕಥೆ ನಡೆಯಿತು. ಆತನ ಒಪ್ಪಂದ 2028ರವರೆಗೆ ಇತ್ತು. ಆತ ಆಡೋದನ್ನೇ ನಿಲ್ಲಿಸಿ ಕೂತ. ಲಿವರ್‌ಪೂಲ್ 12.5 ಕೋಟಿ ಪೌಂಡ್ ಕೊಟ್ಟು ತಂದಿತು, ಬ್ರಿಟನ್‌ನಲ್ಲಿ ಅದೇ ದಾಖಲೆ. ಆಗ ಉಂಡ ಮನೆಗೆ ಎರಡು ಬಗೆಯಬಾರದು ಅನ್ನೋ ನೀತಿ ಎಲ್ಲಿ ಹೋಯಿತೋ ಗೊತ್ತಿಲ್ಲ. 'ಹುಡುಗನಿಗೆ ದೊಡ್ಡ ಕನಸಿದೆ' ಅಂದರು ಎಲ್ಲರೂ. ಕನಸು ನಮ್ಮ ಬಾಗಿಲ ಕಡೆಗೆ ನಡೆದು ಬಂದರೆ ಕನಸು. ನಮ್ಮ ಬಾಗಿಲಿಂದ ಆಚೆ ಹೋದರೆ ದುರಾಸೆ.

ಇಷ್ಟಾದ ಮೇಲೆ ಲಿವರ್‌ಪೂಲ್‌ನ ಹಳಬರನ್ನು ಎಳೆದು ತರದೆ ಪಂಚಾಯ್ತಿ ಮುಗಿಯಲ್ಲ. ಮೊದಲು ಬರೋದು ಫಿಲ್ ನೀಲ್. ಅವರೂ ರೈಟ್ ಬ್ಯಾಕ್. ನಾಲ್ಕು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್), ಎಂಟು ಲೀಗ್, 1977ರ ಮತ್ತು 1984ರ ಫೈನಲ್ ಎರಡರಲ್ಲೂ ಗೋಲ್, ಸತತ 417 ಪಂದ್ಯ ಒಂದನ್ನೂ ತಪ್ಪಿಸದೆ ಆಡಿದವರು. ಇವರ ಮುಂದೆ ಯಾರನ್ನು ನಿಲ್ಲಿಸಿದರೂ ಚಿಕ್ಕವರಾಗೇ ಕಾಣೋದು, ಅದರಲ್ಲಿ ತಕರಾರಿಲ್ಲ. ತಕರಾರು ಇರೋದು ಅವರ ಹೆಸರಿನಲ್ಲಿ ನಡೆಯುವ ಸಂಭಾಷಣೆಯಲ್ಲಿ.

"ನೀಲ್ ಆಟ ನೋಡಿದ್ದೀಯೇನಪ್ಪಾ?"

"ಇಲ್ಲ ಅಂಕಲ್, ನಾನಾಗ ಹುಟ್ಟಿರಲಿಲ್ಲ."

"ಅದಕ್ಕೇ ನಿನಗೆ ಗೊತ್ತಾಗಲ್ಲ."

"ನೀವು ನೋಡಿದ್ದೀರಾ?"

"ನಮ್ಮಪ್ಪ ನೋಡಿದ್ದಾರೆ."

ಇಲ್ಲಿಗೆ ವಾದ ಮುಗಿಯಿತು. ಅಪ್ಪ ನೋಡಿದ ಆಟಕ್ಕೆ ಮೇಲ್ಮನವಿ ಇಲ್ಲ.

ತಮಾಷೆ ಅಂದರೆ, ನೀಲ್ ಗೋಲ್ ಹೊಡೆದರೆ ಅದು ಅವರ ಸರ್ವಾಂಗೀಣ ಪ್ರತಿಭೆ. ಟ್ರೆಂಟ್ ಮುಂದೆ ಹೋಗಿ ಕ್ರಾಸ್ ಕೊಟ್ಟರೆ ಜಾಗ ಬಿಟ್ಟು ಓಡಿದ. ಆತ ಮುಂದೆ ಹೋಗಲಿ ಅಂತಲೇ ಕ್ಲಾಪ್ ಇಡೀ ತಂಡವನ್ನು ಹೊಂದಿಸಿದ್ದರು. ಅದರ ಬಗ್ಗೆ ಮಾತೇ ಇಲ್ಲ. ಕ್ಲಾಪ್ ಒಳ್ಳೆಯ ರೀತಿ ಹೋದವರು, ಅವರ ಲೆಕ್ಕ ಬೇರೆ.

ಆಮೇಲೆ ಬರೋದು ಇನ್ನೊಬ್ಬ ಹಳೇ ಡಿಫೆಂಡರ್ ಹ್ಯಾನ್ಸೆನ್. ಏನು ಗತ್ತು, ಏನು ಸಮಾಧಾನ! ಚೆಂಡು ಕಾಲಲ್ಲಿ ಇದ್ದರೆ ಗಡಿಬಿಡಿಯೇ ಇಲ್ಲ ಅಂತಾರೆ. ನಿಜ. ಆದರೆ ಅವರ ಕಾಲದಲ್ಲಿ ಒತ್ತಡ ಜಾಸ್ತಿ ಆದರೆ ಚೆಂಡನ್ನು ಹಿಂದಕ್ಕೆ ತಳ್ಳಿದರಾಯಿತು, ಗೋಲ್‌ಕೀಪರ್ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದರು. ಅದನ್ನು ನಿಲ್ಲಿಸುವ ನಿಯಮ ಬಂದಿದ್ದು 1992ರಲ್ಲಿ, ಹ್ಯಾನ್ಸೆನ್ ಆಟ ಬಿಟ್ಟ ಮೇಲೆ. ಈ ಮಾತು ಎತ್ತಿದರೆ ಮನೆಗೆ ನಡಿ ಅಂತಾರೆ. ಹಳೇ ಕಾಲದ ಸಮಾಧಾನವನ್ನೆಲ್ಲ ಸ್ವಭಾವ ಅಂತಲೇ ಬರೆದುಕೊಳ್ಳಬೇಕು, ನಿಯಮ ಅಂತ ಬರೆಯಬಾರದು.

ರಾನ್ ಯೀಟ್ಸ್ ವಿಷಯವಂತೂ ಇನ್ನೂ ಸೊಗಸು. 1961ರಲ್ಲಿ ಅವರನ್ನು ತಂದಾಗ ಆಗಿನ ಮ್ಯಾನೇಜರ್ ಶ್ಯಾಂಕ್ಲಿ ಪತ್ರಕರ್ತರನ್ನು ಕರೆದು, ಈ ದೈತ್ಯನ ಸುತ್ತ ಒಂದು ಸುತ್ತು ಹಾಕಿ ನೋಡಿ ಅಂದಿದ್ದರಂತೆ. ಜನ ಇವತ್ತಿಗೂ ಸುತ್ತುತ್ತಲೇ ಇದ್ದಾರೆ. ಒಂದೊಂದು ತಲೆಮಾರಿಗೂ ಯೀಟ್ಸ್ ಒಂದೊಂದು ಇಂಚು ಬೆಳೆಯುತ್ತಾರೆ. ದೂರದ ಬೆಟ್ಟ ನುಣ್ಣಗೆ ಅನ್ನೋದು ಹಳಬರಿಗೆ ಸರಿ. ಮ್ಯಾಡ್ರಿಡ್‌ನಷ್ಟು ದೂರದ ಬೆಟ್ಟದಲ್ಲಿ ಮಾತ್ರ ಒಂದೊಂದು ಮುಳ್ಳೂ ಇಲ್ಲಿಂದಲೇ ಎಣಿಸೋಕೆ ಸಿಗುತ್ತದೆ.

ನಿಷ್ಠೆಯ ಮಾತು ಬಂದರೆ ಕ್ಯಾರಗರ್. 737 ಪಂದ್ಯ, ಒಂದೇ ಕ್ಲಬ್. ಚಿಕ್ಕಂದಿನಲ್ಲಿ ಅವರು ಪಕ್ಕದ ಎವರ್ಟನ್‌ನ ಕಟ್ಟಾ ಅಭಿಮಾನಿ. ಅದು ಮಾಫಿ. 1999ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಒಂದೇ ಪಂದ್ಯದಲ್ಲಿ ಎರಡು ಸ್ವಂತ ಗೋಲ್ ಹೊಡೆದರು, ತಂಡ 3-2ರಿಂದ ಸೋತಿತು. ಅದೂ ಮಾಫಿ. ಯೋಚನೆ ಮಾಡಿ, ಆ ಎರಡು ಗೋಲ್ ಟ್ರೆಂಟ್ ಹೊಡೆದಿದ್ದರೆ? ಮ್ಯಾಡ್ರಿಡ್‌ನವರು ಆಗಲೇ ದುಡ್ಡು ಕೊಟ್ಟಿದ್ದರು ಅನ್ನೋದಕ್ಕೆ ಸಾಕ್ಷಿ ಸಮೇತ ನಾಲ್ಕು ಜನ ಬರುತ್ತಿದ್ದರು.

ಹಳೇ ಕ್ಯಾಪ್ಟನ್ ಜೆರಾರ್ಡ್ ಡಿಫೆಂಡರ್ ಅಲ್ಲ, ಆದರೂ ಒಂದು ಮಾತು. 2005ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ಕಪ್ ಎತ್ತಿದರು. ಜುಲೈನಲ್ಲಿ ಕ್ಲಬ್ ಬಿಡ್ತೀನಿ ಅಂದರು. ಜನ ಅವರ ಜೆರ್ಸಿಗೆ ಬೆಂಕಿ ಇಟ್ಟರು. ಮಾರನೇ ದಿನ ಇಲ್ಲೇ ಇರ್ತೀನಿ ಅಂದರು. ಜೆರ್ಸಿ ಸುಟ್ಟವರಿಗೆ ಹೊಸ ಜೆರ್ಸಿ ಕೊಳ್ಳುವ ಖರ್ಚು ಬಿತ್ತು ಅನ್ನೋದು ಬಿಟ್ಟರೆ ಬೇರೇನೂ ಆಗಲಿಲ್ಲ. ಈಗ ಹುಡುಕಿ ನೋಡಿ, ಅವತ್ತು ಬೆಂಕಿ ಹಚ್ಚಿದವರು ಒಬ್ಬರೂ ಸಿಗಲ್ಲ. ಜೆರ್ಸಿಗಳು ತಾವೇ ಹೊತ್ತಿಕೊಂಡಿರಬೇಕು.

2025ರ ನವೆಂಬರ್ 4ಕ್ಕೆ ಟ್ರೆಂಟ್ ಮ್ಯಾಡ್ರಿಡ್ ಜೊತೆ ಆನ್‌ಫೀಲ್ಡ್‌ಗೆ ಬಂದ. ಪಂದ್ಯಕ್ಕೆ ಮುಂಚೆಯೇ ಮೈದಾನದ ಹತ್ತಿರ ಗೋಡೆ ಮೇಲಿದ್ದ ಆತನ ದೊಡ್ಡ ಚಿತ್ರಕ್ಕೆ ಬಿಳಿ ಬಣ್ಣ ಎರಚಿದ್ದರು. ಮನುಷ್ಯ ಆಡಿದ್ದು ಕೊನೆಯ ಹತ್ತು ನಿಮಿಷದಷ್ಟು. ಆ ಹತ್ತು ನಿಮಿಷಕ್ಕೆ ಜನ ತಿಂಗಳುಗಟ್ಟಲೆ ಗಂಟಲು ಕಾಪಾಡಿಕೊಂಡು ಬಂದಿದ್ದರು. ಮ್ಯಾಕ್ ಅಲಿಸ್ಟರ್ ಹೊಡೆದ ಒಂದೇ ಗೋಲಿನಿಂದ ಲಿವರ್‌ಪೂಲ್ ಗೆದ್ದಿತು. ಆದರೂ ಎದ್ದು ಹೋಗುವಾಗ ಬಾಯಲ್ಲಿ ಇದ್ದಿದ್ದು ಹೋದವನ ಹೆಸರೇ. ಮರೆತುಬಿಟ್ಟಿದ್ದೀವಿ ಅಂತ ಇಷ್ಟು ಜೋರಾಗಿ ಕೂಗಬೇಕಾದರೆ ನೆನಪು ಗಟ್ಟಿ ಇರಬೇಕು.

ಇದು ಲಿವರ್‌ಪೂಲ್‌ನವರ ಸ್ವಂತ ಕಾಯಿಲೆ ಅಂದುಕೊಳ್ಳಬೇಡಿ. 2001ರಲ್ಲಿ ಸಾಲ್ ಕ್ಯಾಂಬೆಲ್ ಟಾಟನ್‌ಹ್ಯಾಮ್ ಬಿಟ್ಟು ಪಕ್ಕದ ಆರ್ಸೆನಲ್‌ಗೆ ಹೋದಾಗ, ಹಳೇ ಮೈದಾನಕ್ಕೆ ಬಂದ ದಿನ ಜನ 'ಜೂಡಾಸ್' (ಯೇಸುವಿಗೆ ದ್ರೋಹ ಬಗೆದ ಶಿಷ್ಯ) ಅಂತ ಬರೆದ ಬಲೂನು ಹಾರಿಸಿದರು. ಸಿಟ್ಟು ಬರೋದು ಸರಿ. ಆದರೆ ಬಲೂನಿಗೆ ಆರ್ಡರ್ ಕೊಟ್ಟು, ಅಚ್ಚು ಸರಿ ಬಂದಿದೆಯಾ ನೋಡಿ, ಕೂತು ಒಂದೊಂದನ್ನೇ ಊದಿ ಗಂಟು ಕಟ್ಟುವವರೆಗೂ ಆರದ ಸಿಟ್ಟು ಎಂಥದ್ದು ಸ್ವಾಮಿ!

ಹೋಗಿದ್ದಕ್ಕೆ ತಾನೇ ಇಷ್ಟೆಲ್ಲಾ? ಹೋಗದೇ ಇದ್ದರೆ? ಇಟಲಿಯ ಎಸಿ ಮಿಲಾನ್ ಕ್ಲಬ್‌ನ ಡಿಫೆಂಡರ್ ಮಾಲ್ಡೀನಿ ಹೋಗಲಿಲ್ಲ. 25 ಸೀಸನ್, 902 ಪಂದ್ಯ, ಐದು ಯುರೋಪಿಯನ್ ಕಪ್, ಏಳು ಲೀಗ್. ಅವರಪ್ಪನೂ ಅದೇ ಕ್ಲಬ್‌ನ ಕ್ಯಾಪ್ಟನ್. 2009ರ ಮೇ 24ರಂದು ಸಾನ್ ಸಿರೋದಲ್ಲಿ ಅವರ ಕೊನೆಯ ಪಂದ್ಯ. ಇಡೀ ಮೈದಾನ ಎದ್ದು ನಿಂತಿತು. ಒಂದು ಸ್ಟ್ಯಾಂಡ್‌ನ ಕಟ್ಟಾ ಅಭಿಮಾನಿಗಳಲ್ಲಿ ಒಂದಷ್ಟು ಜನ ಮಾತ್ರ ಹಳೇ ಮುನಿಸು ಇಟ್ಟುಕೊಂಡು ಶಿಳ್ಳೆ ಹಾಕಿದರು. ಬ್ಯಾನರ್ ಹಿಡಿದರು. ನಮಗೆ ಕ್ಯಾಪ್ಟನ್ ಅಂದರೆ ಬರೇಸಿ ಒಬ್ಬರೇ ಅಂತ ಹಾಡಿದರು. ಬರೇಸಿ ಆಟ ನಿಲ್ಲಿಸಿ ಆಗಲೇ ಹನ್ನೆರಡು ವರ್ಷ ಆಗಿತ್ತು. ಆ ಹನ್ನೆರಡು ವರ್ಷದಲ್ಲಿ ಬರೇಸಿ ಒಂದೇ ಒಂದು ತಪ್ಪು ಪಾಸ್ ಕೊಟ್ಟಿರಲಿಲ್ಲ. ಮಾಲ್ಡೀನಿ ಪಾಪ ಪ್ರತಿ ವಾರ ಆಡುತ್ತಲೇ ಇದ್ದರು, ತಪ್ಪಾಗದೆ ಇರುತ್ತಾ?

ಲಿವರ್‌ಪೂಲ್ ಕ್ಯಾಪ್ಟನ್ ವ್ಯಾನ್ ಡೈಕ್ 2025ರ ಏಪ್ರಿಲ್‌ನಲ್ಲಿ ಒಪ್ಪಂದ ಮುಂದುವರಿಸಿಕೊಂಡರು. ಅದು 2027ರವರೆಗೆ ಇದೆ. ಅಲ್ಲಿಯವರೆಗೆ ಅವರಿಗೆ ಹೆಡರ್ ಹೊಡೆಯೋಕೆ ಚೆನ್ನಾಗಿ ಬರುತ್ತದೆ.